ಮುನ್ನೂರು ಕೊಟ್ಟು ನಾನೂರೈವತ್ತು: ಓವರ್‌ಕ್ಲಾಕಿಂಗ್ ನಡೆದು ಬಂದ ದಾರಿ



ಕಳೆದ ದೀಪಾವಳಿಗೆ ಮುಂಚೆ ಅಕ್ಕನ ಮಗ ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ ಫೋನ್ ಮಾಡಿದ. "ಮಾಮಾ, ಅಂಗಡಿಯವರು ಎರಡು ಕೊಟೇಶನ್ ಕೊಟ್ಟಿದ್ದಾರೆ. ಒಂದು ಮಾಮೂಲಿ ಕಂಪ್ಯೂಟರ್. ಇನ್ನೊಂದು ಓವರ್‌ಕ್ಲಾಕ್ ಮಾಡಬಹುದಾದದ್ದು, ಬೋರ್ಡೂ ದೊಡ್ಡದು. ವ್ಯತ್ಯಾಸ ಹದಿನೆಂಟು ಸಾವಿರ. ಯಾವುದು ತಗೊಳ್ಳಲಿ?" ಹಣ ಭಾವನವರ ಬೋನಸ್ಸಿನದು. ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವನಿಗೆ ಕೇಳುವ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ನಮ್ಮ ರೆಕಾರ್ಡಿಂಗ್, ಎಡಿಟಿಂಗ್ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ಅಲ್ಲವೇ? ಈ ಹುಚ್ಚು ನನಗೂ ಸ್ವಲ್ಪ ಅಂಟಿದೆ. ಅವನಿಗೆ ಉತ್ತರ ಹೇಳಲು ಹೊರಟಾಗ ಹಳೆಯ ಕಥೆಯೊಂದನ್ನು ಹೇಳಬೇಕಾಯಿತು. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಪ್ರೊಸೆಸರ್ ಒಳಗೆ ಒಂದು ತಾಳವಿದೆ. ಆ ತಾಳಕ್ಕೆ ತಕ್ಕಂತೆ ಅದರ ಎಲ್ಲ ಲೆಕ್ಕಾಚಾರ ನಡೆಯುತ್ತದೆ. ಕಂಪನಿ ನಿಗದಿ ಮಾಡಿದ ತಾಳಕ್ಕಿಂತ ಜೋರಾಗಿ ಅದನ್ನು ಓಡಿಸುವುದೇ ಓವರ್‌ಕ್ಲಾಕಿಂಗ್. ಇದು ಮನೆಮಾತಾದದ್ದು 1998ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಬೆಲೆ ಸುಮಾರು 150 ಡಾಲರ್. ಅದೇ ಸಮಯಕ್ಕೆ ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2ರ ಬೆಲೆ 650 ಡಾಲರಿಗೂ ಹೆಚ್ಚು.

ಸೆಲೆರಾನ್‌ನ ಲೆಕ್ಕ ಸರಳವಾಗಿತ್ತು. ಮದರ್‌ಬೋರ್ಡಿನ ಬಸ್ ವೇಗ 66 ಮೆಗಾಹರ್ಟ್ಸ್, ಅದರ ನಾಲ್ಕೂವರೆ ಪಟ್ಟು ಅಂದರೆ 300. ಈ ನಾಲ್ಕೂವರೆಗೆ ಇಂಟೆಲ್ ಬೀಗ ಹಾಕಿತ್ತು. ಕಡಿಮೆ ವೇಗದ ಚಿಪ್ಪಿನ ಮೇಲಿನ ಅಕ್ಷರ ಅಳಿಸಿ, ಹೆಚ್ಚಿನ ವೇಗ ಬರೆದು ಮಾರುವ ದಗಾಕೋರರು ಆಗ ಹೆಚ್ಚಾಗಿದ್ದರು. ಬೀಗಕ್ಕೆ ಅದೂ ಒಂದು ಕಾರಣ. ಆದರೆ ಬಸ್‌ಗೆ ಬೀಗವಿರಲಿಲ್ಲ! ಅದನ್ನು 100ಕ್ಕೆ ಏರಿಸಿದರೆ ನಾಲ್ಕೂವರೆ ಪಟ್ಟು ಎಷ್ಟಾಯಿತು? 450. ಆಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಇದನ್ನು ಬಯಾಸ್ ಪರದೆಯಲ್ಲೇ ಬದಲಿಸಬಹುದಿತ್ತು. ಅಂಥ ಬೋರ್ಡ್ ಇಲ್ಲದವರು ಪ್ರೊಸೆಸರಿನ ಒಂದೇ ಒಂದು ಪಿನ್ನಿಗೆ ಟೇಪು ಅಂಟಿಸಿಯೋ ನೇಲ್ ಪಾಲಿಶ್ ಹಚ್ಚಿಯೋ ಕೆಲಸ ಸಾಧಿಸಿದರು.

ಎಲ್ಲ ಚಿಪ್ಪೂ ಹಾಗೆ ಓಡಲಿಲ್ಲ, ಆದರೆ ಬಹಳಷ್ಟು ಓಡಿದವು. ಕಾರಣ ಇಷ್ಟೇ. ಚಿಪ್ಪಿಗೆ ಅದರ ಮೇಲೆ ಬರೆದದ್ದಕ್ಕಿಂತ ಹೆಚ್ಚು ಶಕ್ತಿ ಇತ್ತು. ಅಗ್ಗದ ಮಾಲು ಮಾರುಕಟ್ಟೆಗೆ ಬೇಕಿತ್ತು, ಆದ್ದರಿಂದ ಕಂಪನಿ ಅದರ ಮೇಲೆ 300 ಎಂದು ಬರೆದಿತ್ತು. ಶೇಕಡಾ 50ರಷ್ಟು ವೇಗ ಪುಕ್ಕಟೆ. ಕಡಿಮೆ ದುಡ್ಡಿನ ವಿದ್ಯಾರ್ಥಿ ಶ್ರೀಮಂತನ ಕಂಪ್ಯೂಟರಿಗೆ ಸಮನಾದದ್ದನ್ನು ಮನೆಯಲ್ಲಿ ಕೂರಿಸಿಕೊಂಡ. ಓವರ್‌ಕ್ಲಾಕಿಂಗ್ ಅಂದರೆ ಲಾಭ ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ.

ಈಗ ಮದರ್‌ಬೋರ್ಡಿನ ಕಡೆ ಬರೋಣ. ಅದರ ಮೇಲೆ, ಪ್ರೊಸೆಸರಿನ ಪಕ್ಕದಲ್ಲಿ, ವಿ.ಆರ್.ಎಂ. ಎಂಬ ಭಾಗವಿದೆ. ಪವರ್ ಸಪ್ಲೈನಿಂದ ಬರುವ 12 ವೋಲ್ಟ್ ಅನ್ನು ಪ್ರೊಸೆಸರ್ ತಾಳುವಂತೆ ಒಂದೂ ಚಿಲ್ಲರೆ ವೋಲ್ಟ್‌ಗೆ ಇಳಿಸುವುದು ಇದರ ಕೆಲಸ. ಇದರಲ್ಲಿ ಹಲವು 'ಫೇಸ್'ಗಳಿರುತ್ತವೆ. ಉತ್ಸವದ ಪಲ್ಲಕ್ಕಿಗೆ ಹೆಗಲು ಕೊಡುವವರಂತೆ ಅವು ಭಾರ ಹಂಚಿಕೊಳ್ಳುತ್ತವೆ. ಹೆಗಲು ಹೆಚ್ಚಾದಷ್ಟೂ ಒಬ್ಬೊಬ್ಬರ ಆಯಾಸ ಕಡಿಮೆ.

ಆ ಸೆಲೆರಾನ್‌ಗೆ ಬೇಕಾದದ್ದು 2 ವೋಲ್ಟ್, ಸುಮಾರು 19 ವ್ಯಾಟ್. ಅಂದರೆ ಹತ್ತು ಆಂಪಿಯರ್ ಕೂಡ ಇಲ್ಲ. ಅದೇ 2023ರಲ್ಲಿ ಬಂದ ಕೋರ್ ಐ9-14900ಕೆ ಪ್ರೊಸೆಸರಿನ ಮಿತಿ 253 ವ್ಯಾಟ್. ವೋಲ್ಟೇಜ್ ಕಡಿಮೆ ಇರುವುದರಿಂದ ಹರಿಯುವ ಕರೆಂಟು ಸುಮಾರು 200 ಆಂಪಿಯರ್! ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್ ಮಾತ್ರ. ಬೋರ್ಡಿನ ಪೆಟ್ಟಿಗೆಯ ಮೇಲೆ 12 ಫೇಸ್, 16 ಫೇಸ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗುವುದು ಇದಕ್ಕೇ.

ಈ ಭಾಗ ಕೈಕೊಟ್ಟರೆ ಏನಾಗುತ್ತದೆ ಎಂಬುದು ನನ್ನ ಅನುಭವಕ್ಕೇ ಬಂದಿದೆ. ಬಿ.ಎ. ಓದುತ್ತಿದ್ದಾಗ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ 'ಬರಹ' ತಂತ್ರಾಂಶ ಹಾಕಿಕೊಂಡು ಪ್ರಬಂಧ ಟೈಪು ಮಾಡುತ್ತಿದ್ದೆ. ಅದು ಆಗಾಗ ತಾನೇ ಆಫ್ ಆಗುತ್ತಿತ್ತು. ವೈರಸ್ ಇರಬೇಕೆಂದು ಬೈದುಕೊಂಡೆ. ಒಂದು ದಿನ ಪ್ರಬಂಧವೂ ಹೋಯಿತು, ಕಂಪ್ಯೂಟರೂ ಹೋಯಿತು. ರಿಪೇರಿಯವರು ಬಿಚ್ಚಿ ತೋರಿಸಿದರು: ಪ್ರೊಸೆಸರಿನ ಸುತ್ತಲಿನ ಕೆಪಾಸಿಟರ್‌ಗಳು ಪೂರಿಯಂತೆ ಉಬ್ಬಿದ್ದವು. 1999ರಿಂದ ಏಳೆಂಟು ವರ್ಷ ಜಗತ್ತಿನಾದ್ಯಂತ ಎಷ್ಟೋ ಬೋರ್ಡುಗಳು ಹೀಗೆಯೇ ಕೆಟ್ಟವು. ಕೆಪಾಸಿಟರಿನೊಳಗಿನ ಕಳಪೆ ದ್ರವವೇ ಅದಕ್ಕೆ ಕಾರಣ. ಆಮೇಲೆ ಒಳ್ಳೆಯ ಬೋರ್ಡುಗಳಲ್ಲಿ ದ್ರವವಿಲ್ಲದ ಪಾಲಿಮರ್ ಕೆಪಾಸಿಟರ್ ಬಂದವು. ವೇಗದ ಜಾಹೀರಾತು ಓದಿದವರೆಷ್ಟೋ, ವಿದ್ಯುತ್ ಎಲ್ಲಿಂದ ಬರುತ್ತದೆಂದು ನೋಡಿದವರು ಮಾತ್ರ ಕಡಿಮೆ.

ಇತ್ತ ಪ್ರೊಸೆಸರುಗಳ ಓಟವೂ ಗೋಡೆಗೆ ಮುಟ್ಟಿತ್ತು. ಪೆಂಟಿಯಂ 4ರ ಒಂದು ಮಾದರಿ 115 ವ್ಯಾಟ್ ತಿನ್ನುತ್ತಿತ್ತು. 4 ಗಿಗಾಹರ್ಟ್ಸ್ ತಲುಪುತ್ತೇವೆಂದು ಮಾತು ಕೊಟ್ಟಿದ್ದ ಇಂಟೆಲ್ 2004ರ ಅಕ್ಟೋಬರ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಭೆಯೊಂದರ ವೇದಿಕೆಯಲ್ಲಿ, ತಮಾಷೆಗೇ ಆದರೂ, ಮೊಣಕಾಲೂರಿ ಕ್ಷಮೆ ಕೇಳಿದರು. ಯಾಕೆ ಹೀಗಾಯಿತು? ವೇಗ ಹೆಚ್ಚಬೇಕಾದರೆ ವೋಲ್ಟೇಜ್ ಹೆಚ್ಚಬೇಕು. ವಿದ್ಯುತ್ತಿನ ಬಳಕೆಯೋ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: ಶೇಕಡಾ 5 ವೇಗಕ್ಕಾಗಿ ಶೇಕಡಾ 10 ವೋಲ್ಟೇಜ್ ಏರಿಸಿದರೆ ಬಳಕೆ ಶೇಕಡಾ 27 ಏರುತ್ತದೆ.

2008ರಲ್ಲಿ ಕೋರ್ ಐ7 ಜೊತೆ ಟರ್ಬೋ ಬೂಸ್ಟ್ ಬಂತು. ತನ್ನ ಬಿಸಿ, ತನ್ನ ಕರೆಂಟು ನೋಡಿಕೊಂಡು ಚಿಪ್ಪು ತಾನೇ ವೇಗ ಏರಿಸಿಕೊಳ್ಳತೊಡಗಿತು. 2011ರಲ್ಲಿ ಇಂಟೆಲ್ ಬಸ್‌ನ ದಾರಿಯನ್ನೂ ಹೆಚ್ಚುಕಡಿಮೆ ಮುಚ್ಚಿ, ಹೆಸರಿನ ಕೊನೆಗೆ 'ಕೆ' ಇರುವ ದುಬಾರಿ ಪ್ರೊಸೆಸರುಗಳಿಗೆ ಮಾತ್ರ ಬೀಗದ ಕೈ ಕೊಟ್ಟಿತು. ಒಂದು ಕಾಲಕ್ಕೆ ಬಡವನ ಉಪಾಯವಾಗಿದ್ದದ್ದು ಹೀಗೆ ಉಳ್ಳವರು ದುಡ್ಡು ಕೊಟ್ಟು ಕೊಳ್ಳುವ ಸೌಕರ್ಯವಾಯಿತು. ಎ.ಎಂ.ಡಿ.ಯ ರೈಜೆನ್‌ಗಳಲ್ಲಿ ಬೀಗ ಕಡಿಮೆ, ನಿಜ. ಆದರೆ ಅಲ್ಲಿಯೂ ಹಿಂಡಲು ಉಳಿದಿರುವುದು ಅಲ್ಪ. ಹಿಂದೆ ಬಳಕೆದಾರನಿಗೆ ಸಿಗುತ್ತಿದ್ದ ಆ ಶೇಕಡಾ 50 ಅನ್ನು ಈಗ ಕಂಪನಿಗಳೇ ಹಿಂಡಿ, ಪೆಟ್ಟಿಗೆಯ ಮೇಲೆ ಬರೆದು ಮಾರುತ್ತಿವೆ.

ಹಿಂಡಿದ್ದು ಅತಿಯಾದರೆ? ಅದನ್ನೂ ನೋಡಿದ್ದಾಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳು ಆಟದ ಮಧ್ಯೆ ನಿಂತುಹೋಗುತ್ತಿವೆ ಎಂಬ ದೂರು 2024ರಲ್ಲಿ ಜೋರಾಯಿತು. ಚಿಪ್ಪು ತಾನಾಗಿ ಅತಿಯಾದ ವೋಲ್ಟೇಜ್ ಕೇಳುತ್ತಿತ್ತು. ಕೆಲವು ಬೋರ್ಡುಗಳು ಮಿತಿ ಸಡಿಲಿಸಿಯೇ ಅಂಗಡಿಗೆ ಬರುತ್ತಿದ್ದವು. ಇಂಟೆಲ್ ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಹಾಳಾದ ಚಿಪ್ಪನ್ನು ತಿದ್ದುಪಡಿ ಗುಣ ಮಾಡುವುದಿಲ್ಲ, ಬದಲಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಈ ಪ್ರೊಸೆಸರ್ ಇದ್ದರೆ ಬೋರ್ಡಿನ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ದಯವಿಟ್ಟು ಇವತ್ತೇ ನೋಡಿ.

ಅಕ್ಕನ ಮಗನಿಗೆ ನಾನು ಕೊಟ್ಟ ಉದಾಹರಣೆ ರೈಜೆನ್ 5ರದು. 2022ರ 7600ಎಕ್ಸ್ 105 ವ್ಯಾಟ್‌ನದು, ಗರಿಷ್ಠ ವೇಗ 5.3 ಗಿಗಾಹರ್ಟ್ಸ್. ಮರುವರ್ಷದ 7600 ಬರೀ 65 ವ್ಯಾಟ್‌ನದು, ಗರಿಷ್ಠ 5.1. ಎರಡರಲ್ಲೂ ಆರೇ ಕೋರ್. ಗರಿಷ್ಠ ವೇಗದ ಅಂತರ ಶೇಕಡಾ 4ರಷ್ಟು. ದೆಹಲಿಯ ಮೇ ತಿಂಗಳಲ್ಲಿ, ಚೆನ್ನೈನ ಸೆಕೆಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ ಆ ಅಂತರವೂ ಕರಗೀತು. ಕಡಿಮೆ ವ್ಯಾಟ್‌ನ ಪ್ರೊಸೆಸರಿಗೆ 16 ಫೇಸ್ ಬೋರ್ಡು, ಇಬ್ಬರು ಕೂರುವ ಸ್ಕೂಟರಿಗೆ ಲಾರಿ ಟೈರು ಹಾಕಿದಂತೆ. ಹಾಗೆಂದು ತೀರಾ ಅಗ್ಗದ ಬೋರ್ಡಿಗೆ 253 ವ್ಯಾಟ್‌ನ ಪ್ರೊಸೆಸರ್ ಕೂರಿಸಿದರೆ ಅದು ಬಿಸಿಯಾಗಿ ವೇಗ ತಗ್ಗಿಸುತ್ತದೆ. ಕೊಟ್ಟ ದುಡ್ಡು ದಂಡ. ವಿ.ಆರ್.ಎಂ. ಮೇಲೆ ಹೀಟ್‌ಸಿಂಕ್ ಇರುವ, ನಿಮ್ಮ ಪ್ರೊಸೆಸರಿಗೆ ಹೊಂದುವ ಮಧ್ಯಮ ಬೋರ್ಡು ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಮದರ್‌ಬೋರ್ಡ್ ಕಂಡವರಲ್ಲ, ಆದರೂ ಮಾತು ಸರಿಯಾಗಿಯೇ ಇದೆ.

ಹುಡುಗ ಮೊದಲನೇ ಕೊಟೇಶನ್ನಿಗೇ ಒಪ್ಪಿದ. ಉಳಿದ ಹಣದಲ್ಲಿ ಒಂದು ಯು.ಪಿ.ಎಸ್. ಕೊಂಡ. ಇನ್ನೂ ಮಿಕ್ಕದ್ದನ್ನು ಭಾವನವರ ಕೈಗೇ ಹಿಂದಿರುಗಿಸಿದನಂತೆ. ಅಕ್ಕ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿದ್ದ ಸಂತೋಷ ಯಾವ ಗಿಗಾಹರ್ಟ್ಸ್‌ಗೂ ಕಡಿಮೆ ಇರಲಿಲ್ಲ.

ನೀವೂ ಎಸ್.ಪಿ. ರೋಡಿಗೋ ನೆಹರೂ ಪ್ಲೇಸಿಗೋ ರಿಚಿ ಸ್ಟ್ರೀಟಿಗೋ ಹೊರಟಿದ್ದರೆ ಈ ಕಥೆ ನೆನಪಿರಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕನ್ನಡ ಕೇಳುತ್ತಿರಿ.