ಮುಳುಗೋ ಹೊಟೇಲಿಗೆ ಟೀವಿಯವರ ಮದ್ದು

ನಷ್ಟದಾಗಿರೋ ಹೊಟೇಲಿಗೆ ಹೋಗಿ, ಅಡಗಿಮನಿ ಹೊಕ್ಕು, ಫ್ರಿಜ್ಜಿನ ಬಾಗಲಾ ತಗದು ಬಾಯಿಗೆ ಬಂದಂಗ ಬೈಯ್ಯೋ ಸಾಹೇಬ ಗೊತ್ತಲ್ಲ, ಗಾರ್ಡನ್ ರಾಮ್ಸೆ? ಅವನ ತುಣುಕು ಮೊಬೈಲಿನ್ಯಾಗ ನೋಡಿ ನಕ್ಕೋರು ನಮ್ಮೊಳಗ ಭಾಳ ಮಂದಿ ಇದ್ದೀರಿ. ಆದ್ರ ಆ ಹೊಟೇಲಿನವರ ಮುಂದಿನ ಗತಿ ಏನಾತು ಅಂತ ಯಾರೂ ಕೇಳೂದಿಲ್ಲ ನೋಡ್ರಿ.

ಈ ಉಸಾಬರಿ ಹೊಟೇಲಿಂದ ಸುರು ಆದದ್ದಲ್ಲ, ಕಾರ್ಖಾನಿಯಿಂದ. 1990ರಾಗ ಬಿಬಿಸಿಯವರು ‘ಟ್ರಬಲ್‌ಶೂಟರ್’ ಅಂತ ತೋರಿಸಿದ್ರು. ಐಸಿಐ ಕಂಪನಿ ನಡೆಸಿದ್ದ ಜಾನ್ ಹಾರ್ವೆ ಜೋನ್ಸ್ ಅನ್ನೋ ಹಿರಿಯರು ಕಾರ್ಖಾನಿಗೆ ಹೋಗಿ ಮಾಲಕರ ತಪ್ಪು ಮುಖದ ಮ್ಯಾಲ ಹೇಳತಿದ್ರು. 2004ರ ಏಪ್ರಿಲ್‌ದಾಗ ಚಾನೆಲ್ ಫೋರ್‌ನವರು ರಾಮ್ಸೆನ್ನ ಹೊಟೇಲುಗಳಿಗೆ ಕಳಿಸಿದ್ರು. ಹೆಸರು ‘ರಾಮ್ಸೇಸ್ ಕಿಚನ್ ನೈಟ್‌ಮೇರ್ಸ್’. ಮಜಾ ಏನಂದ್ರ, ಅದೇ ವರ್ಷ ಗ್ಲಾಸ್ಗೋದಾಗಿನ ಅವನದೇ ‘ಅಮರಿಲಿಸ್’ ಹೊಟೇಲು ಮುಚ್ಚಿತ್ತು. ಮಿಷೆಲಿನ್ ಸ್ಟಾರ್ ಬಂದಿದ್ದ ಹೊಟೇಲು ಅದು!

ಮೊದಲನೇ ಕಂತು ಯಾರ್ಕ್‌ಶೈರಿನ ಸಿಲ್ಸ್‌ಡನ್ ಅನ್ನೋ ಸಣ್ಣ ಊರಿಂದು, ‘ಬೋನಾಪಾರ್ಟ್ಸ್’ ಹೊಟೇಲು. ಅಡಗಿಯವ ಇಪ್ಪತ್ತೊಂದು ವರ್ಷದ ಹುಡುಗ, ಆಮ್ಲೆಟ್ ಸುದ್ಧಾ ಸರಿಯಾಗಿ ಬರವಲ್ದು. ಕೆಟ್ಟ ಚಿಪ್ಪುಮೀನು ತಿಂದು ರಾಮ್ಸೆ ವಾಂತಿ ಮಾಡಿಕೊಂಡ. ಇದೆಲ್ಲ ನಾಟಕ ಅಂತ ಲಂಡನ್ನಿನ ಒಂದು ಪೇಪರಿನವರು ಬರದ್ರು. ಅವ ಕೋರ್ಟಿಗೆ ಹೋಗಿ 2006ರಾಗ 75,000 ಪೌಂಡ್ ಪರಿಹಾರ ತಗೊಂಡ.

ಬೈಗುಳ ತಗದು ನೋಡಿದ್ರ ಅವ ಹೇಳೋದು ನಮ್ಮ ಅಡಗಿಮನಿ ಲೆಕ್ಕನ. ಪಟ್ಟಿ ಸಣ್ಣದು ಮಾಡು. ತಂಗಳ ಇಡಬ್ಯಾಡ. ಊರಾಗ ಸಿಗೋ ತಾಜಾ ಮಾಲು ತಾ. ಅಡಗಿಮನ್ಯಾಗ ಹೇಳೋರು ಒಬ್ಬರ ಇರಲಿ. ನಮ್ಮ ಸೋದರಮಾವ ಖಾನಾವಳಿ ಇಟ್ಟಾಗ ಬೋರ್ಡಿನ ಮ್ಯಾಲ ನಲವತ್ತು ತಿಂಡಿ ಬರಸಿದ್ದ, ಗಿರಾಕಿ ಮಾತ್ರ ಹದಿನೈದು ಮಂದಿ. ಉಳದದ್ದನ್ನ ರಾತ್ರಿ ಅತ್ತಿ ದನಕ್ಕ ಹಾಕೋವ್ರು. ಅವರ ಪಾಟ್ಲಿ ಹೋದವು, ಮತ್ತ ಬರಲಿಲ್ಲ. ಹಂಗಾಗಿ ಆ ಕಾರ್ಯಕ್ರಮದಾಗ ಹೆಂಡತಿ ಮೂಲ್ಯಾಗ ನಿಂತು ಕಣ್ಣೊರಸೋದು ಬಂದ್ರ ನನಗ ನಗು ಬರೂದಿಲ್ಲ.

2007ರಾಗ ಫಾಕ್ಸ್‌ನವರು ಅದನ್ನ ಅಮೆರಿಕಾಕ್ಕ ಒಯ್ದ ಮ್ಯಾಲ ಅಡಗಿ ಮಾತು ಕಡಿಮಿ ಆಗಿ ಜಗಳ, ಗೋಡಿ ಬಣ್ಣ, ಹೊಸ ಕುರ್ಚಿ ಹೆಚ್ಚಾತು. ನ್ಯೂಯಾರ್ಕಿನ ‘ಡಿಲನ್ಸ್’ದಾಗ ಅಮೆರಿಕದ್ದು, ಐರಿಶ್, ನಮ್ಮ ದೇಶದ್ದು ಎಲ್ಲಾ ಕಲಸುಮೇಲೋಗರ ಆಗಿತ್ತು. ರಾಮ್ಸೆ ಬರೇ ಭಾರತದ ಅಡಗಿ ಇರಲಿ ಅಂತ ‘ಪೂರ್ಣಿಮಾ’ ಅಂತ ಹೆಸರಿಡಿಸಿ, ವಿಕಾಸ್ ಖನ್ನಾನ್ನ ಕರಕೊಂಡು ಬಂದ. ಹೌದ್ರಿ, ಮುಂದ ಮಾಸ್ಟರ್‌ಶೆಫ್ ಇಂಡಿಯಾದಾಗ ಕೂತವ್ನ! ಪೂರ್ಣಿಮಾ ಉಳೀಲಿಲ್ಲ. ಖನ್ನಾ ಬ್ಯಾರೆ ಕಡೆ ಮಿಷೆಲಿನ್ ಸ್ಟಾರ್ ತಗೊಂಡ. 2013ರಾಗ ಅರಿಝೋನಾದ ‘ಏಮೀಸ್ ಬೇಕಿಂಗ್ ಕಂಪನಿ’ಯ ಗಂಡ ಹೆಂಡತಿ ಒಂದ ಮಾತೂ ಕೇಳಲಿಲ್ಲ, ರಾಮ್ಸೆನ ಕೈಮುಗದು ಹೊರಗ ಬಂದ. ಜಗತ್ತೆಲ್ಲ ಚರ್ಚೆ ಆದದ್ದು ಆ ಜಗಳದ್ದು.

ಟೀವಿಯವರನ್ನ ಕರಿಯೋ ಹೊತ್ತಿಗೆ ಸಾಲ ಕುತ್ತಿಗಿಗೆ ಬಂದಿರತದ. ಕಂತು ಬಂದ ಮ್ಯಾಲ ನಾಕು ದಿನ ಮಂದಿ ನೋಡಾಕ ಬರತಾರ, ಬ್ಯಾಂಕಿನವರು ಮಾತ್ರ ಪ್ರತಿ ತಿಂಗಳೂ ಬರತಾರ. ಒಂದು ವಾರದಾಗ ಪಟ್ಟಿ ಬದಲಿ ಆದೀತು, ಬಡ್ಡಿ ಬದಲಿ ಆಗೂದಿಲ್ಲ.

ವೇಲ್ಸಿನ ಆಬರ್ಗವೆನ್ನಿ ಹತ್ರದ ‘ವಾಲ್ನಟ್ ಟ್ರೀ’ದು ಬ್ಯಾರೆ ಕಥಿ. 1963ರಿಂದ ಇಟಲಿಯ ಬಾಣಸಿಗ, ಹೆಂಡತಿ ಕೂಡಿ ಹೆಸರು ಗಳಿಸಿ, 2001ರಾಗ ಮಾರಿ ಹೋದ್ರು. 2004ರಾಗ ರಾಮ್ಸೆ ಬಂದು ಹೋದ. 2007ರಾಗ ಮುಚ್ಚಿತು. 2008ರಾಗ ಶಾನ್ ಹಿಲ್ ಅನ್ನೋ ಅರವತ್ತು ದಾಟಿದ ಬಾಣಸಿಗ ಮತ್ತ ಒಲಿ ಹಚ್ಚಿದ, ಕ್ಯಾಮರಾ ಇಲ್ಲದ. ಎರಡು ವರ್ಷಕ್ಕ ಸ್ಟಾರ್ ಬಂತು.