ಡಾಕ್ಟರ ಹೆಂಡತಿಯ ಅಚ್ಚುಗಳು

ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು, ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿದರೆ ಐದೆಸಳಿನ ಹೂವು ಮೂಡುತ್ತದೆ. ನಾನು ಚರಿತ್ರೆಯ ಟೀಚರು. ಡ್ರಾಯಿಂಗ್ ಮೇಷ್ಟರಿಲ್ಲದ ವರ್ಷ ಆ ಪೀರಿಯಡ್ಡೂ ನನ್ನ ತಲೆಗೇ ಬಿದ್ದಾಗ ಮಕ್ಕಳಿಗೆ ಕಲಿಸಿದ್ದು ಇದನ್ನೇ. ಆಲೂಗೆಡ್ಡೆಯಲ್ಲಿ ತನ್ನ ಹೆಸರಿನ ಅಕ್ಷರ ಕೊರೆದು ಒತ್ತಿದ ಹುಡುಗಿಯೊಬ್ಬಳು, "ಮಿಸ್, ಉಲ್ಟಾ ಬಂತು" ಎಂದು ಅಳುಮೋರೆ ಮಾಡಿದಳು. ಅಚ್ಚಿನ ಕೆಲಸದ ಮೊದಲ ಪಾಠವೇ ಅದು ಎಂದು ಸಮಾಧಾನ ಹೇಳಿದೆ.

ಹಾಗೆ ಹೇಳುವಷ್ಟು ತಿಳಿವಳಿಕೆ ನನಗೆ ಬಂದದ್ದು ಜರ್ಮನಿಯ ಕೇಥೆ ಕೋಲ್ವಿಟ್ಸ್ ಎಂಬಾಕೆಯಿಂದ. ನನ್ನ ಮಗಳು ತಂದುಕೊಟ್ಟ ಪುಸ್ತಕದಲ್ಲಿ ಆಕೆಯ ಚಿತ್ರಗಳಿದ್ದವು. ಎಲ್ಲಾ ಕಪ್ಪು ಬಿಳುಪು, ಎಲ್ಲಾ ದುಃಖದ ಮುಖಗಳೇ. ಮೊದಲು ಮುಚ್ಚಿಟ್ಟುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆಕೆ 1867ರಲ್ಲಿ ಕೋನಿಗ್ಸ್‌ಬರ್ಗಿನಲ್ಲಿ ಹುಟ್ಟಿದವಳು. ಆ ಊರು ಈಗ ರಷ್ಯಕ್ಕೆ ಸೇರಿದ ಕಾಲಿನಿನ್‌ಗ್ರಾಡ್. ಅಪ್ಪ ಮನೆ ಕಟ್ಟಿಸುವ ಕಸುಬಿನವನು. ಕೇಥೆಗೂ ತಂಗಿ ಲೀಸೆಗೂ ಊರು ಸುತ್ತಲು ಮನೆಯವರ ಅಡ್ಡಿ ಇರಲಿಲ್ಲ. ಬಂದರುಕಟ್ಟೆಯವರೆಗೂ ಅಲೆದು, ಮೂಟೆ ಹೊರುವ ಕೂಲಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ನಮ್ಮಲ್ಲಿ ಹೆಣ್ಣುಮಗಳು ಬೀದಿಗಿಳಿಯಬೇಕಾದರೆ ಇವತ್ತಿಗೂ ಒಂದು ನೆಪ ಬೇಕು. ಹೂವು ತರುವುದೋ, ಹಿಟ್ಟಿನ ಗಿರಣಿಗೆ ಹೋಗುವುದೋ. ಆಕೆ ಮುಂದೆ ಚಿತ್ರಿಸಿದ ದುಡಿಯುವ ಜನವೆಲ್ಲ ಈ ನೆಪವಿಲ್ಲದ ತಿರುಗಾಟದ ಗಳಿಕೆ ಎಂದು ನನಗೆ ಅನ್ನಿಸುತ್ತದೆ.

ಮಗಳಿಗೆ ಚಿತ್ರಕಲೆ ಕಲಿಸಿದ ಅಪ್ಪನಿಗೆ ಅವಳು ಮದುವೆಯಾಗುತ್ತೇನೆಂದಾಗ ಕಸಿವಿಸಿ; ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆಂಬ ಭಯ. 1891ರಲ್ಲಿ ಆಕೆ ಡಾಕ್ಟರ್ ಕಾರ್ಲ್ ಕೋಲ್ವಿಟ್ಸನನ್ನು ಮದುವೆಯಾಗಿ ಬರ್ಲಿನ್ನಿನ ಕೂಲಿಕಾರರ ಬಡಾವಣೆಗೆ ಬಂದಳು. ದರ್ಜಿಗಳ ಆರೋಗ್ಯ ನಿಧಿಯ ಡಾಕ್ಟರಾತ. ಒಂದೇ ಕಟ್ಟಡದಲ್ಲಿ ಮನೆ, ದವಾಖಾನೆ, ಆಕೆಯ ಕೆಲಸದ ಕೋಣೆ. ಕಾಯಿಲೆಯ ಮಕ್ಕಳನ್ನು ಕರೆತಂದ ಹೆಂಗಸರು ಆಕೆಯ ಬಳಿಯೂ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಹಾನ್ಸ್, ಪೀಟರ್ ಎಂಬ ಇಬ್ಬರು ಮಕ್ಕಳು ಹುಟ್ಟಿದರು. ಈ ಗಲಾಟೆಯ ನಡುವೆಯೇ ನೇಕಾರರ ದಂಗೆಯ ಆರು ಹಾಳೆಗಳು ತಯಾರಾದವು. 1898ರಲ್ಲಿ ತೀರ್ಪುಗಾರರು ಅದಕ್ಕೆ ಪದಕ ಶಿಫಾರಸು ಮಾಡಿದರೆ ಕೈಸರ್ ಒಪ್ಪಲಿಲ್ಲ.

ಆ ಕೆಲಸವೇನು ಸುಲಭದ್ದೇ? ಲೋಹದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿಗೆ ಇಳಿಸಬೇಕು. ಗೀರಿದಲ್ಲಿ ಮಾತ್ರ ತಗಡು ಕೊರೆಯುತ್ತದೆ. ಆಮೇಲೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ರೈತರ ಯುದ್ಧದ ಮಾಲೆಯ ಒಂದು ಹಾಳೆಗೆ ಆಕೆ ಮೆದುವಾದ ಲೇಪದ ಮೇಲೆ ಬಟ್ಟೆಯನ್ನೇ ಒತ್ತಿ ಅದರ ನೇಯ್ಗೆಯ ಗುರುತನ್ನೂ ಚಿತ್ರಕ್ಕೆ ಸೇರಿಸಿಕೊಂಡಳು. ಹಪ್ಪಳ ಒಣಗಿಸಿದ ಮೇಲೆ ಸೀರೆಯ ಗುರುತು ಅದರಲ್ಲಿ ಉಳಿಯುತ್ತದಲ್ಲ, ಹಾಗೆ.

ನಾನೂ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದವಳು. ಮದುವೆಯಾದ ಮೇಲೆ ಬಣ್ಣದ ಪೆಟ್ಟಿಗೆ ಅಟ್ಟ ಸೇರಿತು. ಯಾರೂ ಬೇಡವೆನ್ನಲಿಲ್ಲ, ಪುರುಸೊತ್ತಾಗಲಿಲ್ಲ, ಅಷ್ಟೆ. ಮಕ್ಕಳು ದೂರ ಹೋದ ಮೇಲೆ ಇಳಿಸಿದೆ. ಮನೆ ನಿಶ್ಶಬ್ದ, ಹೊತ್ತು ಬೇಕಾದಷ್ಟು, ಕೈಯಲ್ಲಿ ಮಾತ್ರ ಏನೂ ಬರಲಿಲ್ಲ. ಆಗ ಆಕೆಯ 1910ರ ದಿನಚರಿಯ ಒಂದು ಭಾಗ ಓದಿದೆ. ಈಸ್ಟರ್ ರಜೆಗೆ ಹುಡುಗರಿಬ್ಬರೂ ಊರಲ್ಲಿಲ್ಲ. ಕೆಲಸ, ಊಟ, ನಿದ್ದೆ, ಸ್ವಲ್ಪ ಅಡ್ಡಾಟ, ಬೇರೇನಿಲ್ಲ. ಹಸು ಮೇದಂತೆ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಸತ್ವವಿದೆಯೇ ಎಂದು ಆಕೆಗೇ ಅನುಮಾನ. ಗಂಟೆ ಎಣಿಸಿ ಹೊತ್ತು ಕದಿಯಬೇಕಾಗಿದ್ದ ಕಾಲದಲ್ಲೇ ಹೆಚ್ಚು ಕೆಲಸವಾಗಿತ್ತಂತೆ. ಪುಸ್ತಕ ಮುಚ್ಚಿ ಸುಮ್ಮನೆ ಕೂತೆ.

1914ರಲ್ಲಿ ಯುದ್ಧ ಬಂತು. ಹದಿನೆಂಟರ ಪೀಟರ್ ಸೈನ್ಯ ಸೇರುತ್ತೇನೆಂದ. ಅಪ್ಪನ ಒಪ್ಪಿಗೆ ಬೇಕಿತ್ತು, ಕಾರ್ಲನಿಗೆ ಸುತರಾಂ ಇಷ್ಟವಿರಲಿಲ್ಲ. ಮಗನ ಪರವಾಗಿ ಗಂಡನನ್ನು ಒಪ್ಪಿಸಿದವಳು ಕೇಥೆಯೇ. ಅಕ್ಟೋಬರ್ ಮುಗಿಯುವುದರೊಳಗೆ ಹುಡುಗ ಬೆಲ್ಜಿಯಮ್ಮಿನಲ್ಲಿ ಸತ್ತ. ಸೈನ್ಯಕ್ಕೆ ಹೊರಟ ಹುಡುಗರಿಗೆ ಶಾಲೆಯ ದಾಖಲೆ ನೋಡಿ ಜನ್ಮ ದಿನಾಂಕ ನಾನೇ ಬರೆದುಕೊಟ್ಟಿದ್ದೇನೆ, ಸಿಹಿಯನ್ನೂ ತಿಂದಿದ್ದೇನೆ. ಆ ಪುಟ ಓದುವಾಗ ಅವರ ಹೆಸರುಗಳು ಒಂದೊಂದಾಗಿ ನೆನಪಾದವು.

ಮಗನ ಸ್ಮಾರಕಕ್ಕೆ ಆಕೆ ಮಾಡಿದ ತಂದೆತಾಯಿಯರ ಎರಡು ವಿಗ್ರಹಗಳು ಬೆಲ್ಜಿಯಮ್ಮಿನ ಸ್ಮಶಾನ ಸೇರಿದ್ದು 1932ರಲ್ಲಿ, ಹದಿನೆಂಟು ವರ್ಷವಾದ ಮೇಲೆ. ಯುದ್ಧದ ಮೇಲೆ ಮಾಡಿದ ಏಳು ಚಿತ್ರಗಳಿಗೆ ತಗಡು ಬಿಟ್ಟು ಮರ ಹಿಡಿದಳು. ಮೊದಲನೆಯದರಲ್ಲಿ ತಾಯಿ ತನ್ನ ಕೂಸನ್ನು ತಾನೇ ಎತ್ತಿ ಒಪ್ಪಿಸುತ್ತಿದ್ದಾಳೆ. ತಾನು ಬರೀ ನೊಂದವಳೆಂದು ಆಕೆ ಬರೆಯಲಿಲ್ಲ, ಕೊಟ್ಟವಳೂ ತಾನೇ ಎಂದು ಕೆತ್ತಿದಳು. ನನಗೆ ಆಕೆ ದೊಡ್ಡವಳಾಗಿ ಕಂಡದ್ದು ಇದರಲ್ಲಿ.

1933ರಲ್ಲಿ ನಾಜಿಗಳ ಕಾಲ ಬಂದಾಗ ಪ್ರಷ್ಯದ ಕಲಾ ಅಕಾಡೆಮಿಯಿಂದ ಹೊರಬೀಳಬೇಕಾಯಿತು. 1940ರಲ್ಲಿ ಕಾರ್ಲ್ ತೀರಿಕೊಂಡ. 1943ರ ನವೆಂಬರಿನಲ್ಲಿ ಬರ್ಲಿನ್ನಿನ ಮನೆಗೆ ಬಾಂಬು ಬಿದ್ದು ಎಷ್ಟೋ ಕೆಲಸ ನಾಶವಾಯಿತು. ಅಚ್ಚಾದ ಹಾಳೆಗಳು ಅಷ್ಟರಲ್ಲಿ ಬೇರೆ ಊರುಗಳನ್ನು ಸೇರಿದ್ದರಿಂದ ಉಳಿದುಕೊಂಡವು. 1945ರ ಏಪ್ರಿಲಿನಲ್ಲಿ, ಯುದ್ಧ ಮುಗಿಯಲು ಇನ್ನೇನು ಕೆಲವು ದಿನವಿರುವಾಗ, ಆಕೆ ಹೋದಳು.

ಕೊನೆಯ ಕಲ್ಲಚ್ಚು 1942ರದ್ದು. ಮೊಮ್ಮಗ, ಅವನ ಹೆಸರೂ ಪೀಟರ್, ಆ ವರ್ಷವೇ ರಷ್ಯದಲ್ಲಿ ಸತ್ತ. ಬಿತ್ತನೆಯ ಕಾಳನ್ನು ಬೀಸಬಾರದು ಎಂದು ಚಿತ್ರದ ಹೆಸರು. ಮುದುಕಿಯೊಬ್ಬಳು ಮೂವರು ಹುಡುಗರನ್ನು ತೋಳಿನಡಿ ಅವಿಸಿಕೊಂಡಿದ್ದಾಳೆ. ಒಬ್ಬ ಅವಳ ಬಟ್ಟೆಯ ಸಂದಿಯಿಂದ ಹೊರಗೆ ಇಣುಕುತ್ತಿದ್ದಾನೆ. ನಮ್ಮ ಎಂಟನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುವ ಹುಡುಗನದೂ ಅದೇ ಮುಖ.