ಸಜಾತಿ ಪದ, ವಿಜಾತಿ ಪದ

ಅಕ್ಕಲಕೋಟೆ ಕಡೆಯ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಬಹುಪದೋಕ್ತಿ ಎಂದರೆ ಅಂಜಿಕೆ. "ಈ ಎಕ್ಸ್, ವೈ ಎಲ್ಲಾ ಇಂಗ್ಲಿಷ್ ಸಾಲಿಯವರ ಲೆಕ್ಕ ಅಲ್ರೀ ಸರ್?" ಎಂದು ಅವರು ಕೇಳಿದಾಗ ನಮಗೆ ಬೇಸರವಾಗುತ್ತದೆ. ಅದಕ್ಕೇ ಈ ನಾಲ್ಕು ಮಾತು.

ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತರು 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಅವ್ಯಕ್ತ ರಾಶಿಗಳನ್ನು, ಅಂದರೆ ಬೆಲೆ ಗೊತ್ತಿಲ್ಲದ ಸಂಖ್ಯೆಗಳನ್ನು, ಕೂಡಿಸುವ ಮತ್ತು ಗುಣಿಸುವ ನಿಯಮ ಹೇಳಿದ್ದರು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಅದನ್ನು ವಿವರಿಸಿದರು. ಮೊದಲ ಅವ್ಯಕ್ತಕ್ಕೆ ಯಾವತ್ತಾವತ್ ಎಂದು ಹೆಸರು. ಉಳಿದವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಯಾ, ಕಾ, ನೀ, ಪೀ. ಬರೀ ಸಂಖ್ಯೆಗೆ ರೂ, ವರ್ಗಕ್ಕೆ ವ. ಸಮಾನ ಜಾತಿಯವನ್ನು ಕೂಡಿಸಬೇಕು, ಬೇರೆ ಜಾತಿಯವನ್ನು ಬೇರೆಯಾಗಿಯೇ ಇಡಬೇಕು ಎಂಬುದು ಅವರ ನಿಯಮ. ನಾವು ತರಗತಿಯಲ್ಲಿ ಹೇಳುವ ಸಜಾತಿ ಪದ, ವಿಜಾತಿ ಪದ ಅದೇ ಅಲ್ಲವೇ?

ಅವರ ರೀತಿಯಲ್ಲೇ ಬರೆದು ನೋಡೋಣ. ಅಕ್ಷರದ ಮುಂದಿನ ಅಂಕಿ ಸಹಗುಣಕ.

ಸಂಕಲನ: 'ಯಾ 3 ರೂ 2'ಕ್ಕೆ 'ಯಾ 2 ರೂ 5' ಕೂಡಿಸಿದರೆ 'ಯಾ 5 ರೂ 7'.

ಗುಣಾಕಾರ: 'ಯಾ 1 ರೂ 2'ನ್ನು 'ಯಾ 1 ರೂ 3'ರಿಂದ ಗುಣಿಸಿದರೆ 'ಯಾ-ವ 1 ಯಾ 5 ರೂ 6'.

ಅಪವರ್ತನ: ಇದೇ ಉತ್ತರದಿಂದ ಹಿಂದಕ್ಕೆ ಬರುವುದು. ಗುಣಿಸಿದರೆ 6, ಕೂಡಿಸಿದರೆ 5 ಆಗುವ ಸಂಖ್ಯೆಗಳು ಯಾವುವು? 2 ಮತ್ತು 3.

ಇನ್ನು ಎಕ್ಸ್? ಅದನ್ನು ರೂಢಿಗೆ ತಂದದ್ದು 1637ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂದ ಡೆಕಾರ್ಟೆಯ ಪುಸ್ತಕ. ಅದೂ ಇಂಗ್ಲಿಷಿನದಲ್ಲ!

ಮಕ್ಕಳೇ, ಪರೀಕ್ಷೆಯಲ್ಲಿ ಎಕ್ಸ್ ಎಂದೇ ಬರೆಯಿರಿ. ಆದರೆ ಇದು ಪರರ ಲೆಕ್ಕವೆಂದು ಅಂಜಬೇಡಿ.